ಮೂರು ಗೊತ್ತಿದ್ದರೆ ನಾಲ್ಕನೆಯದು



ಮೊದಲಿಗೆ ಮೂರು ಸಣ್ಣ ಪ್ರಶ್ನೆಗಳು. ಕಾಗದ, ಪೆನ್ಸಿಲು ಬೇಡ. ಮನಸ್ಸಿನಲ್ಲಿಯೇ ಉತ್ತರಿಸಿ.

ಐದು ನೋಟ್ ಪುಸ್ತಕಗಳಿಗೆ 150 ರೂಪಾಯಿ. ಹಾಗಾದರೆ ಹತ್ತು ಪುಸ್ತಕಗಳಿಗೆ ಎಷ್ಟು? ಇದು ಒಂದನೆಯದು. ಐದು ಆಳುಗಳು ಒಂದು ಗದ್ದೆಯ ನಾಟಿಯನ್ನು ನಾಲ್ಕು ದಿನಗಳಲ್ಲಿ ಮುಗಿಸುತ್ತಾರೆ. ಅದೇ ಗದ್ದೆಗೆ ಹತ್ತು ಆಳುಗಳು ಬಂದರೆ ಎಷ್ಟು ದಿನ ಬೇಕು? ಇದು ಎರಡನೆಯದು. ಇನ್ನು ಮೂರನೆಯದು: ಬಿಸಿಲಿನಲ್ಲಿ ಹಗ್ಗದ ಮೇಲೆ ಹರವಿದ ಐದು ಸೀರೆಗಳು ಎರಡು ಗಂಟೆಗಳಲ್ಲಿ ಒಣಗುತ್ತವೆ. ಅದೇ ಬಿಸಿಲಿನಲ್ಲಿ ಹತ್ತು ಸೀರೆಗಳನ್ನು ಹಾಗೆಯೇ ಹರವಿದರೆ ಎಷ್ಟು ಹೊತ್ತು?

ಉತ್ತರಗಳು: 300 ರೂಪಾಯಿ, ಎರಡು ದಿನ, ಎರಡೇ ಗಂಟೆ. ಮೂರನೆಯದಕ್ಕೆ ನಿಮ್ಮಲ್ಲಿ ಕೆಲವರು ಅವಸರದಲ್ಲಿ ನಾಲ್ಕು ಗಂಟೆ ಎಂದಿರಬಹುದು. ಮೂರೂ ಪ್ರಶ್ನೆಗಳಲ್ಲಿ ಐದು ಇದ್ದದ್ದು ಹತ್ತಾಯಿತು, ಅಷ್ಟೆ. ಆದರೆ ಉತ್ತರ ಒಂದರಲ್ಲಿ ಇಮ್ಮಡಿಯಾಯಿತು, ಇನ್ನೊಂದರಲ್ಲಿ ಅರ್ಧವಾಯಿತು, ಮತ್ತೊಂದರಲ್ಲಿ ಬದಲಾಗಲೇ ಇಲ್ಲ. ಯಾವಾಗ ಗುಣಿಸಬೇಕು, ಯಾವಾಗ ಭಾಗಿಸಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಮಗ್ಗಿ ಹೇಳಿಕೊಡುವುದಿಲ್ಲ. ಅದನ್ನು ತಿಳಿಯಲು ಎರಡು ಸಂಗತಿಗಳ ನಡುವಿನ ಸಂಬಂಧವನ್ನು ಯೋಚಿಸಬೇಕು.

ಆರರಿಂದ ಎಂಟನೆಯ ತರಗತಿಯವರೆಗಿನ ಗಣಿತದಲ್ಲಿ ಕಲಿಯಬೇಕಾದದ್ದು ಬಹಳಷ್ಟಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ಮೂರು ವರ್ಷಗಳನ್ನು ಪ್ರತ್ಯೇಕ ಹಂತವೆಂದೇ ಗುರುತಿಸಿದೆ. ಭಿನ್ನರಾಶಿ, ದಶಮಾಂಶ, ಋಣ ಸಂಖ್ಯೆಗಳು, ಬೀಜಗಣಿತದ ಮೊದಲ ಅಕ್ಷರಗಳು, ಕೋನ, ವಿಸ್ತೀರ್ಣ, ಬಡ್ಡಿ, ನಕ್ಷೆಗಳು ಎಲ್ಲವೂ ಬೇಕಾದವೇ. ಆದರೆ ಇವುಗಳಲ್ಲಿ ಯಾವುದನ್ನು ಮಾತ್ರ ಕೈಬಿಡಲೇಬಾರದು ಎಂದು ಯಾರಾದರೂ ಕೇಳಿದರೆ, ಅನುಪಾತ ಎಂದು ನಾನು ಹೇಳುತ್ತೇನೆ. ಅದರ ಜೊತೆಗೇ, ಅನುಪಾತ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬ ವಿವೇಕ.

ಇದಕ್ಕೆ ಕಾರಣವಿದೆ. ಕೆಳಗಿನ ತರಗತಿಗಳಲ್ಲಿ ನಾವು ಕಳೆಯುವ ಮೂಲಕ ಹೋಲಿಸುತ್ತೇವೆ. ಯಾರ ಬಳಿ ಎಷ್ಟು ಹೆಚ್ಚು ಎಂಬುದೇ ಅಲ್ಲಿನ ಪ್ರಶ್ನೆ. ಆರನೆಯ ತರಗತಿಯ ನಂತರ ಭಾಗಿಸುವ ಮೂಲಕ ಹೋಲಿಸಲು ಕಲಿಯಬೇಕು. ಒಂದು ತರಗತಿಯ 50 ಮಂದಿಯಲ್ಲಿ 40 ಮಂದಿ ತೇರ್ಗಡೆಯಾದರು, ಇನ್ನೊಂದರಲ್ಲಿ 20 ಮಂದಿಯಲ್ಲಿ 18 ಮಂದಿ. ನಲವತ್ತು ದೊಡ್ಡ ಸಂಖ್ಯೆ, ನಿಜ. ಆದರೆ ಮೊದಲನೆಯದರ ಫಲಿತಾಂಶ ಶೇಕಡಾ 80, ಎರಡನೆಯದರದು ಶೇಕಡಾ 90. ಈ ಒಂದು ಹೆಜ್ಜೆ ಸರಿಯಾಗಿ ಇಟ್ಟವರಿಗೆ ಶೇಕಡಾವಾರು, ವೇಗ, ಬಡ್ಡಿ, ಭೂಪಟದ ಅಳತೆ, ಸಮರೂಪ ತ್ರಿಭುಜಗಳು ಬೇರೆ ಬೇರೆ ಪಾಠಗಳಾಗಿ ಕಾಣುವುದಿಲ್ಲ. ಒಂದೇ ವಿಚಾರ ಬೇರೆ ಬೇರೆ ವೇಷದಲ್ಲಿ ಬಂದಂತೆ ಕಾಣುತ್ತದೆ.

ಇದು ನಮಗೆ ಹೊಸದೇನಲ್ಲ. ಗೊತ್ತಿರುವ ಮೂರು ರಾಶಿಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಈ ಕ್ರಮಕ್ಕೆ ನಮ್ಮ ಹಿರಿಯರು ತ್ರೈರಾಶಿಕ ಎಂದರು. ಕ್ರಿ.ಶ. 499ರ ಸುಮಾರಿನ ಆರ್ಯಭಟೀಯದಲ್ಲಿ ಇದರ ಸೂತ್ರವಿದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿಯೇ ಗಣಿತ ಗ್ರಂಥಗಳನ್ನು ಬರೆದ. ಅವುಗಳಲ್ಲೊಂದರ ಹೆಸರು ವ್ಯವಹಾರಗಣಿತ. ಮುಖ್ಯವಾದ ಮಾತೆಂದರೆ, ನಮ್ಮ ಹಳೆಯ ಗಣಿತಜ್ಞರು ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗುವ ಸಂದರ್ಭವನ್ನು ವ್ಯಸ್ತ ತ್ರೈರಾಶಿಕ ಎಂದು ಬೇರೆಯಾಗಿಯೇ ಇಟ್ಟರು. ನಮ್ಮ ನಾಟಿಯ ಲೆಕ್ಕ ಅಂಥದು. ಅಂದರೆ, ಸೂತ್ರದ ಜೊತೆಗೆ ಅದನ್ನು ಯಾವಾಗ ಬಳಸಬೇಕೆಂಬುದೂ ಪಾಠದ ಭಾಗವಾಗಿತ್ತು.

ನನ್ನ ವೃತ್ತಿಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಹಳೆಯ ಟೆಲಿವಿಷನ್ ಪರದೆಯ ಅಗಲ ಮತ್ತು ಎತ್ತರದ ಅನುಪಾತ 4:3. ಇಂದಿನ ಪರದೆಯದು 16:9. ಎತ್ತರ 9 ಭಾಗ ಎಂದಿಟ್ಟುಕೊಂಡರೆ ಹಳೆಯ ಚಿತ್ರದ ಅಗಲ 12 ಭಾಗ, ಹೊಸ ಪರದೆಯ ಅಗಲ 16 ಭಾಗ. ಹಳೆಯ ಕಾರ್ಯಕ್ರಮವನ್ನು ಪರದೆ ತುಂಬಲೆಂದು ಅಡ್ಡಕ್ಕೆ ಎಳೆದರೆ 12 ಭಾಗ 16 ಆಗುತ್ತದೆ, ಎತ್ತರ ಮಾತ್ರ ಹಾಗೆಯೇ ಉಳಿಯುತ್ತದೆ. ಗಾಯಕರ ಮುಖ ಊದಿಕೊಂಡಂತೆ ಕಾಣುತ್ತದೆ, ತಂಬೂರಿಯ ಬುರುಡೆ ಚಪ್ಪಟೆಯಾಗುತ್ತದೆ. ಆದ್ದರಿಂದಲೇ ಎರಡು ಬದಿಗಳಲ್ಲಿ ಎರಡೆರಡು ಭಾಗದಷ್ಟು ಕಪ್ಪು ಪಟ್ಟಿ ಬಿಡುತ್ತೇವೆ. ಅನುಪಾತ ಕೆಟ್ಟರೆ ಕಣ್ಣಿಗೇ ಗೊತ್ತಾಗುತ್ತದೆ.

ಹಣದ ವಿಷಯದಲ್ಲಿ ಮಾತ್ರ ಅದು ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಲೆಕ್ಕವೇ ಕಣ್ಣು.

ಒಬ್ಬರು 12,000 ರೂಪಾಯಿ ಸಾಲ ಪಡೆಯುತ್ತಾರೆ ಎಂದಿಟ್ಟುಕೊಳ್ಳಿ. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, ಹನ್ನೆರಡು ಕಂತು. ಸಾಲ ಕೊಟ್ಟವರು ಹೀಗೆ ಲೆಕ್ಕ ಹಾಕುತ್ತಾರೆ: ತಿಂಗಳಿಗೆ 120 ರೂಪಾಯಿ, ವರ್ಷಕ್ಕೆ 1,440. ಅಸಲು ಸೇರಿ 13,440. ಕಂತು 1,120 ರೂಪಾಯಿ. ಗುಣಾಕಾರ, ಭಾಗಾಕಾರ ಎಲ್ಲವೂ ಸರಿ. ಆದರೆ ಸ್ವಲ್ಪ ನಿಲ್ಲಿ. ಪ್ರತಿ ತಿಂಗಳೂ 1,000 ರೂಪಾಯಿ ಅಸಲು ಮರಳುತ್ತಿದೆಯಲ್ಲವೇ? ಎರಡನೆಯ ತಿಂಗಳಲ್ಲಿ ಉಳಿದ ಸಾಲ 11,000. ಕೊನೆಯ ತಿಂಗಳಲ್ಲಿ 1,000 ಮಾತ್ರ. ಉಳಿದ ಅಸಲಿಗಷ್ಟೇ ಬಡ್ಡಿ ಹಾಕಿದರೆ 120, 110, 100 ಎಂದು ಇಳಿಯುತ್ತಾ ಕೊನೆಗೆ 10 ರೂಪಾಯಿಗೆ ಬರುತ್ತದೆ. ಎಲ್ಲವನ್ನೂ ಕೂಡಿ ನೋಡಿ: 780 ರೂಪಾಯಿ. ಕಟ್ಟುವುದೋ 1,440! ಬಡ್ಡಿಯ ದರ ಒಂದೇ ಹೆಸರಿನಲ್ಲಿದೆ, ಹೊರೆ ಮಾತ್ರ ಎರಡು ಪಟ್ಟಿಗೆ ಸಮೀಪ. ಬಡ್ಡಿ ಅಸಲಿಗೆ ಅನುಪಾತದಲ್ಲಿದೆ ಎಂಬುದು ಸರಿಯೇ. ಯಾವ ಅಸಲಿಗೆ ಎಂದು ಕೇಳದಿದ್ದರೆ ಸೋಲುವವರು ಸಾಲ ಪಡೆದವರು. ಈ ಲೆಕ್ಕಕ್ಕೆ ಕಾಲೇಜಿನ ಗಣಿತ ಬೇಕಿಲ್ಲ. ಏಳನೆಯ ತರಗತಿಯ ಹುಡುಗಿ ತನ್ನ ತಾಯಿಗೆ ಇದನ್ನು ಬಿಡಿಸಿ ಹೇಳಬಲ್ಲಳು.

ಶೇಕಡಾ ಲೆಕ್ಕದಲ್ಲಿಯೂ ಇದೇ ಪ್ರಶ್ನೆ. 100 ರೂಪಾಯಿಯ ವಸ್ತುವಿನ ಬೆಲೆ ಶೇಕಡಾ 20 ಏರಿ, ಆಮೇಲೆ ಶೇಕಡಾ 20 ಇಳಿದರೆ ಮತ್ತೆ 100 ಆಗುವುದಿಲ್ಲ, 96 ಆಗುತ್ತದೆ. ಏರಿದ್ದು ನೂರರ ಮೇಲೆ, ಇಳಿದದ್ದು ನೂರಿಪ್ಪತ್ತರ ಮೇಲೆ. ಇನ್ನು ದೋಸೆಯ ಲೆಕ್ಕ: ಆರು ಅಂಗುಲ ಅಗಲದ ದೋಸೆಗೆ ಒಂದು ಸೌಟು ಹಿಟ್ಟು ಬೇಕಾದರೆ, ಅಷ್ಟೇ ದಪ್ಪದ ಹನ್ನೆರಡು ಅಂಗುಲದ ದೋಸೆಗೆ ಎಷ್ಟು? ಎರಡಲ್ಲ, ನಾಲ್ಕು ಸೌಟು. ಅಗಲ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಮಡಿಯಾಗುತ್ತದೆ. ನಂಬಿಕೆಯಾಗದಿದ್ದರೆ ಚೌಕುಳಿ ಕಾಗದದ ಮೇಲೆ ಎರಡು ವೃತ್ತಗಳನ್ನು ಬರೆದು ಒಳಗಿನ ಚೌಕಗಳನ್ನು ಎಣಿಸಿ.

ಶಾಲೆಯಲ್ಲಿರುವ ಮಿತ್ರರಿಗೆ ನನ್ನ ಸಲಹೆ ಇಷ್ಟೇ. ಲೆಕ್ಕ ಸಿಕ್ಕ ಕೂಡಲೇ ಸಂಖ್ಯೆಗಳ ಮೇಲೆ ಬೀಳಬೇಡಿ. ಇದು ಹೆಚ್ಚಿದರೆ ಅದು ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲವೇ ಎಂದು ಮೊದಲು ಒಂದು ವಾಕ್ಯದಲ್ಲಿ ಬರೆಯಿರಿ. ಉತ್ತರ ಸುಮಾರು ಎಷ್ಟಿರಬಹುದೆಂದು ಅಂದಾಜು ಮಾಡಿ, ಆಮೇಲೆ ಲೆಕ್ಕಕ್ಕೆ ತೊಡಗಿ. ಗುಣಿಸುವ ಕೆಲಸವನ್ನು ಇಂದು ಕೈಯಲ್ಲಿರುವ ಮೊಬೈಲ್ ಫೋನೂ ಮಾಡುತ್ತದೆ. ಆದರೆ ಐದು ಸೀರೆಯ ಲೆಕ್ಕದಲ್ಲಿ ನೀವು ಎರಡರಿಂದ ಗುಣಿಸಿ ಎಂದು ಹೇಳಿದರೆ, ಅದು ಮರುಮಾತಿಲ್ಲದೆ ನಾಲ್ಕು ಎಂದೇ ತೋರಿಸುತ್ತದೆ.

ಕಾಲೇಜಿನ ಮಿತ್ರರೇ, ನಿಮ್ಮ ಮನೆಯಲ್ಲಿ ತಮ್ಮನೋ ತಂಗಿಯೋ ಏಳನೆಯ ತರಗತಿಯಲ್ಲಿದ್ದರೆ, ಸೂತ್ರ ಒಪ್ಪಿಸು ಎಂದು ಕೇಳಬೇಡಿ. ಈ ವಾರ ಮನೆಗೆ ಬಂದ ಯಾವುದಾದರೂ ರಸೀದಿಯನ್ನೋ ಸಾಲದ ಕಂತಿನ ಪುಸ್ತಕವನ್ನೋ ಮುಂದಿಟ್ಟುಕೊಂಡು ಇಬ್ಬರೂ ಕೂಡಿ ಲೆಕ್ಕ ನೋಡಿ. ಅರ್ಧ ಗಂಟೆ ಸಾಕು.