ಟಿವಿಯಲ್ಲಿ ಕನ್ನಡ ಡಬ್ಬಿಯಾದರೆ



ಮನೆಯ ಕಂಪ್ಯೂಟರಿಗೆ ಲಿರಿಯನ್ ಮ್ಯೂಸಿಕ್ ಸರ್ವರ್ ಹಾಕಿ, ಟಿವಿಯ ಬ್ರೌಸರಿನಲ್ಲಿ ಅದರ ಐಪಿ ವಿಳಾಸ, 9000 ಪೋರ್ಟ್ ಒತ್ತಿದೆ. ಪುಟ ಬಂತು. ಇಂಗ್ಲಿಷ್ ಹೆಸರುಗಳು ಸರಿ, ಕನ್ನಡ ಹಾಡುಗಳೆಲ್ಲ ಬರೀ ಚೌಕ ಡಬ್ಬಿ! ಅದೇ ಪುಟ ಮೊಬೈಲಿನಲ್ಲಿ ತೆರೆದರೆ ಕನ್ನಡ ಮುತ್ತಿನಂತಿತ್ತು. ಅಂದರೆ ತಪ್ಪು ಹಾಡಿನದಲ್ಲ. ಟಿವಿಯಲ್ಲಿ ಕನ್ನಡದ ಫಾಂಟೇ ಇಲ್ಲ.

ಮೊಬೈಲಿನಲ್ಲೂ ಅರ್ಥವಿಲ್ಲದ ಚಿಹ್ನೆ ಬಂದರೆ, ಹೆಸರನ್ನು ಹಳೆಯ ಆನ್ಸಿ ನುಡಿಯಲ್ಲಿ ಹೊಡೆದಿರಬಹುದು, ಯೂನಿಕೋಡಿಗೆ ಬದಲಿಸಿ. ನಮ್ಮ ಪ್ರೆಸ್ಸಿನಲ್ಲಿ ದಿನವೂ ಕಾಣುವ ಕಾಯಿಲೆ ಇದು.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದೆ. ನೋಟೋ ಕನ್ನಡ ಫಾಂಟ್ ಪುಕ್ಕಟೆ. ಟಿವಿಯವರಿಗೇನು ಅಡ್ಡಿ? ಕೊಳ್ಳುವ ಮೊದಲು ಅಂಗಡಿಯಲ್ಲೇ ಕನ್ನಡ ಪುಟ ತೆರೆಸಿ. ಡಬ್ಬಿ ಬಂದರೆ, ಆ ಡಬ್ಬವೇ ಬೇಡವೆನ್ನಿ!

ಸಿರಿಗನ್ನಡಂ ಗೆಲ್ಗೆ!