ಕುರಿಹಟ್ಟಿಯ ನೆರಳಿನಲ್ಲಿ

ಚಿನಕುರಳಿ ಎಂದೊಡನೆ ನಿಮಗೆ ದೀಪಾವಳಿಯ ಪಟಾಕಿ ನೆನಪಾದರೆ ತಪ್ಪಲ್ಲ. ಚರಿತ್ರೆ ಬಲ್ಲವರಿಗೆ 1771ರ ಯುದ್ಧವೂ, ಮರಾಠರ ಕೈಯಲ್ಲಿ ಸೋತ ಹೈದರಾಲಿ ಜೀವ ಉಳಿಸಿಕೊಂಡು ಶ್ರೀರಂಗಪಟ್ಟಣ ಸೇರಿದ್ದೂ ನೆನಪಾದೀತು. ನಾನು ಹೇಳಹೊರಟಿರುವುದು ಆ ಊರಿನಿಂದ ಬಡಗಣಕ್ಕೆ, ಮೇಲುಕೋಟೆಯ ಬೆಟ್ಟಸಾಲಿನತ್ತ ನಡೆದರೆ ಸಿಕ್ಕುವ ಕುರಿಮಂದೆಗಳ ವಿಚಾರ.

ನೀವು ಹೊರಡುವುದಾದರೆ ಮಳೆಗಾಲ ಕಳೆದ ಮೇಲೆ ಹೊರಡಿ. ಕಬ್ಬಿನ ಬಯಲು ಹಿಂದುಳಿದು ರಾಗಿ, ಹುರುಳಿಯ ಹೊಲಗಳು ಬರುತ್ತವೆ. ಆಮೇಲೆ ಬಂಡೆ, ಕಾರೆಮುಳ್ಳು, ಹುಲ್ಲು. ಒಂದು ಮಾರ್ಗಶಿರದಲ್ಲಿ ನಾನು ಹಾಗೆಯೇ ಹೋಗಿ, ನಡುಮಧ್ಯಾಹ್ನ ದಾರಿ ತಪ್ಪಿದೆ. ತಂದ ನೀರೂ ಮುಗಿದಿತ್ತು. ನಾಯಿ ಬೊಗಳಿತು. ಅದರ ಹಿಂದೆಯೇ ಒಬ್ಬ ಮುದುಕ, "ಬನ್ನಿ ಸ್ವಾಮಿ, ಕುಂತ್ಕಳಿ, ಬಿಸ್ಲು ಇಳೀಲಿ" ಎಂದು ಹೆಗಲ ಕಂಬಳಿಯನ್ನು ನೆರಳಿಗೆ ಹಾಸಿದ. ಕೂಡಲೇ ಮೇಕೆ ಕರೆದು, ಹಾಲು ಕಾಯಿಸಿ ಕೊಟ್ಟ. ಇಬ್ಬರಿಗೆಂದು ಕಟ್ಟಿದ್ದ ಮುದ್ದೆ ಮೂರು ಪಾಲಾಯಿತು.

ಮಂದೆಯಲ್ಲಿದ್ದುದು ನಮ್ಮ ಸೀಮೆಯ ಬಂಡೂರು ಕುರಿ. ಬನ್ನೂರು ಕುರಿಯೆಂದೂ ಕರೆಯುವುದುಂಟು. ಮೋಟು ಕಾಲು, ತುಂಬಿದ ಒಡಲು. ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಲಾಳ. ಮಾಂಸಕ್ಕೆ ಹೆಸರಾದ ತಳಿ. ಕುಯ್ಲು ಮುಗಿದ ಹೊಲಗಳಲ್ಲಿ ಇಂತಹ ಮಂದೆಯನ್ನು ರಾತ್ರಿ ತಂಗಿಸಿಕೊಂಡು ರೈತರು ರಾಗಿ ಅಳೆದು ಕೊಡುವುದುಂಟು. ಹಿಕ್ಕೆ, ಗಂಜಲ ಎರಡೂ ಹೊಲಕ್ಕೇ ಸೇರುತ್ತವಲ್ಲ! ಅವರ ಹಟ್ಟಿ ಹಳಗನ್ನಡದ 'ಪಟ್ಟಿ'. ಪಕಾರ ಹಕಾರವಾಗಿದೆ, ಅಷ್ಟೆ. ಪಂಡಿತನ ಚಟ, ಇದನ್ನು ಅಲ್ಲಿಯೂ ಹೇಳಿಬಿಟ್ಟೆ.

ಆಗ ಅದುವರೆಗೆ ನಿಂತೇ ಇದ್ದ ಇನ್ನೊಬ್ಬ ನಕ್ಕ. ಮೂವತ್ತೈದರ ಆಸುಪಾಸಿನವನು. "ಗುರುತು ಸಿಗ್ನಿಲ್ವಾ ಮೇಷ್ಟ್ರೇ? ಪದ್ಯ ಬಾಯ್ಪಾಠ ಬರ್ನಿಲ್ಲ ಅಂತ, ಕುರಿ ಕಾಯಕ್ ಓಗು ಅಂದಿದ್ರಿ."

ಮುದ್ದೆ ಗಂಟಲಲ್ಲಿ ನಿಂತಿತು. ಅವನ ದನಿಯಲ್ಲಿ ಕಹಿಯಿರಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು. ಅವನ ಮುಖ ನನಗೆ ನೆನಪಿರಲಿಲ್ಲ. ಅವನೋ, ಹೊರಗಿನವರಿಗೆ ಒಂದೇ ತೆರನಾಗಿ ಕಾಣುವ ನೂರಕ್ಕೆ ಮೇಲ್ಪಟ್ಟ ಕುರಿಗಳಲ್ಲಿ ಯಾವುದರ ತಾಯಿ ಯಾವುದು, ಯಾವುದು ಎಂದು ಈದದ್ದು ಎಂಬುದನ್ನು ನೋಡಿಯೇ ಹೇಳುತ್ತಿದ್ದ. ಆ ಬೈಗುಳವನ್ನು ನಾನು ಎಷ್ಟು ಮಂದಿಗೆ ಬೈದಿದ್ದೆನೋ.

ಮಾತು ಮರೆಸಲು ತೋಳದ ಸುದ್ದಿ ಎತ್ತಿದೆ. ಮೇಲುಕೋಟೆಯ ಕಾಡನ್ನು 1974ರಲ್ಲಿ ವನ್ಯಧಾಮ ಮಾಡಿದ್ದೇ ತೋಳಗಳ ರಕ್ಷಣೆಗಾಗಿ. ಕುರಿ ಕಾಯುವವರಿಗೆ ಅದರ ಮೇಲೆ ಕೋಪವಿರಬೇಕೆಂದು ನನ್ನ ಎಣಿಕೆ. ಮುದುಕ ತಲೆಯಾಡಿಸಿದ: "ಅದ್ಕೂ ಒಟ್ಟೆ ಐತಲ್ಲ ಸ್ವಾಮಿ. ತೋಳ ಒಂದ್ ಮರಿ ತಕಂಡೋಯ್ತದೆ. ಬೇಲಿ ಬಂದ್ರೆ ಉಲ್ನೇ ತಕಂಡೋಯ್ತದೆ." ಹಿಂದೆ ತಾನು ಮೇಯಿಸುತ್ತಿದ್ದ ಗೋಮಾಳದ ಕಡೆ ಕೈ ತೋರಿಸಿದ. ಅಲ್ಲಿ ಕಲ್ಲುಕಂಬ, ತಂತಿ.

ದಾರಿ ಸೇರುವ ತನಕ ನನ್ನ ಶಿಷ್ಯ ಜೊತೆಗೆ ಬಂದ. ದುಡ್ಡು ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡ. ಅಗಲುವಾಗ, "ಬರೋ ವರ್ಸ ನನ್ ಮಗ ನಿಮ್ ಇಸ್ಕೂಲಿಗೇ ಬತ್ತಾನೆ ಮೇಷ್ಟ್ರೇ" ಎಂದ.

ಬರಲಿ ಎಂದೆ. ಬೇರೇನೂ ತೋಚಲಿಲ್ಲ.