ಪೇಟೆಂಟ್ ಚೀಟಿ ಮತ್ತು ಮೊಣಕಾಲಿನ ಪಟ್ಟಿ

(ಕೀಲುನೋವಿನ ತಪಾಸಣೆಗೆ ಬಂದ ರೋಗಿಗಳಿಗೂ ಅವರ ಮನೆಯವರಿಗೂ ನೀಡಿದ ತಿಳಿವಳಿಕೆಯ ಮಾತು)



ಹಿರಿಯರೇ, ತಾಯಂದಿರೇ, ಡಾಕ್ಟರರ ಹತ್ತಿರ ನಿಮ್ಮ ಸರದಿ ಬರುವತನಕ ಅರ್ಧ ತಾಸು ನನಗೆ ಕೊಟ್ಟಿದ್ದಾರೆ. ಮೊಣಕಾಲು ನೋವಿನವರನ್ನು ಬಹಳ ಹೊತ್ತು ಕೂಡ್ರಿಸಬಾರದು. ಕಾಲು ಹಿಡಿದುಕೊಂಡಿತು ಅನಿಸಿದರೆ ಎದ್ದು ನಾಲ್ಕು ಹೆಜ್ಜೆ ಅಡ್ಡಾಡಿರಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಇವತ್ತಿನ ವಿಷಯ ವ್ಯಾಯಾಮವೂ ಅಲ್ಲ, ಪಥ್ಯವೂ ಅಲ್ಲ. ಪೇಟೆಂಟ್. ನಾನು ಓದಿದ್ದು ಜಿ.ಎನ್.ಎಂ. ಡಿಪ್ಲೊಮಾ, ಮಾಡುವುದು ನರ್ಸಿಂಗ್ ಹುಡುಗಿಯರಿಗೆ ಪಾಠ. ಕಾನೂನು ನನ್ನ ಕಸುಬಲ್ಲ. ಆದರೂ ಇದನ್ನು ಕೂತು ಓದಬೇಕಾಗಿ ಬಂತು. ಅದಕ್ಕೆ ಕಾರಣ ಒಬ್ಬ ತಾಯಿ.

ಕಳೆದ ಮಳೆಗಾಲದಲ್ಲಿ ಅರವತ್ತು ದಾಟಿದ ಆ ತಾಯಿ ಮಗನ ಹೆಗಲು ಹಿಡಿದುಕೊಂಡು ಬಂದರು. ಅವರಿಗೆ ರುಮಟಾಯ್ಡ್ ಸಂಧಿವಾತ. ಎರಡು ವರ್ಷದಿಂದ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಗುಳಿಗೆ ನುಂಗುತ್ತ, ಹೇಳಿದಾಗ ರಕ್ತ ಪರೀಕ್ಷೆ ಮಾಡಿಸಿಕೊಳ್ಳುತ್ತ ಚೆನ್ನಾಗಿಯೇ ಇದ್ದವರು. ಆ ದಿನ ನೋಡಿದರೆ ಎರಡೂ ಮಣಿಕಟ್ಟು ಬಾತಿದ್ದವು, ಬಲ ಮೊಣಕಾಲಿನಲ್ಲಿ ನೀರು ತುಂಬಿತ್ತು, ಸೀರೆಯ ನೆರಿಗೆ ಹಿಡಿಯಲೂ ಬೆರಳು ಮಡಚುತ್ತಿರಲಿಲ್ಲ. ಗುಳಿಗೆ ಬಿಟ್ಟು ಐದು ತಿಂಗಳಾಗಿತ್ತಂತೆ. "ಯಾಕೆ ಬಿಟ್ಟಿರಿ ಅವ್ವಾ?" ಎಂದು ಕೇಳಿದೆ. ಅವರು ಮಗನ ಮುಖ ನೋಡಿದರು. ಮಗ ಚೀಲದಿಂದ ಒಂದು ಡಬ್ಬಿ ತೆಗೆದ. ಒಳಗೆ ಮೊಣಕಾಲಿಗೆ ಸುತ್ತುವ ಒಂದು ಪಟ್ಟಿ. ಅಲ್ಟ್ರಾಸೌಂಡಿನಿಂದ ಕೀಲಿನ ಸ್ಥಿತಿ ತಿಳಿಸುತ್ತದೆ ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಒಂಬತ್ತು ಸಾವಿರ ರೂಪಾಯಿ ಕೊಟ್ಟು ತಂದದ್ದು.

"ಹಸರ ದೀಪ ಹತ್ತಿದ್ರ ಸಂದು ಚಲೋ ಐತಿ ಅಂತ ಅರ್ಥರೀ ಸಿಸ್ಟರ್. ದಿನಾ ಹಸರೇ ಹತ್ತತಿತ್ತು. ಮತ್ಯಾಕ ಗುಳಿಗಿ ಅಂತ ನಾನೇ ಬಿಡಿಸಿದೆ. ಪೇಟೆಂಟ್ ಅಂತ ಬರದೈತಿ ನೋಡ್ರಿ. ಸರ್ಕಾರದವರು ಪರೀಕ್ಷಾ ಮಾಡಿದ್ದು ಸುಳ್ಳ ಹೆಂಗ ಆಗತೈತ್ರಿ?"

ಆ ಹುಡುಗ ದಡ್ಡನಲ್ಲ, ಕಾಲೇಜು ಓದಿದವನು. ತಾಯಿಯ ಮೇಲೆ ಪ್ರೀತಿ ಇರುವವನು. ಅವನು ಎಡವಿದ್ದು ಪರೀಕ್ಷೆ ಎಂಬ ಒಂದು ಮಾತಿನಲ್ಲಿ. ನಮ್ಮಲ್ಲಿ ಪರೀಕ್ಷೆ ಎಂದರೆ ರಕ್ತ ತೆಗೆದು, ಮುಟ್ಟಿ, ಅಳೆದು ನೋಡುವುದು. ಪೇಟೆಂಟ್ ಕಚೇರಿಯ ಪರೀಕ್ಷೆ ಬೇರೆ. ಅಲ್ಲಿನ ಪರೀಕ್ಷಕರು ಪಟ್ಟಿಯನ್ನು ಯಾರ ಕಾಲಿಗೂ ಕಟ್ಟಿ ನೋಡುವುದಿಲ್ಲ. ಅವರು ಓದುವುದು ಕಾಗದ.

ಮೊದಲು ಅಲ್ಟ್ರಾಸೌಂಡ್ ಎಂದರೇನು, ಸ್ವಲ್ಪ ತಿಳಿದುಕೊಳ್ಳೋಣ. ಅದು ನಮ್ಮ ಕಿವಿಗೆ ಕೇಳದ ಶಬ್ದ. ಮನುಷ್ಯರ ಕಿವಿ ಸೆಕೆಂಡಿಗೆ 20 ಸಾವಿರ ಕಂಪನದವರೆಗೆ ಕೇಳಬಲ್ಲದು. ಕೀಲನ್ನು ನೋಡುವ ಸ್ಕ್ಯಾನಿನ ಶಬ್ದ ಸೆಕೆಂಡಿಗೆ ಸುಮಾರು ಒಂದು ಕೋಟಿ ಸಲ ಕಂಪಿಸುತ್ತದೆ. ಒಳಗೆ ಹೋದ ಶಬ್ದ ನೀರು, ಪೊರೆ, ಸ್ನಾಯುಬಂಧಗಳಿಗೆ ತಾಗಿ ಮರಳಿ ಬರುತ್ತದೆ, ಯಂತ್ರ ಅದರಿಂದ ಚಿತ್ರ ಕಟ್ಟುತ್ತದೆ. ಎಲುಬನ್ನು ದಾಟಿ ಒಳಗೆ ಹೋಗಲಾರದು. ಆದರೆ ಕೀಲಿನಲ್ಲಿ ತುಂಬಿದ ನೀರು, ಬಾತ ಪೊರೆ ಚೆನ್ನಾಗಿ ಕಾಣುತ್ತವೆ. ಕೈಯಿಂದ ಒತ್ತಿ ನೋಡಿದರೂ ಗೊತ್ತಾಗದ ಸಣ್ಣ ಬಾವು ಕೂಡ ಕಾಣಬಹುದು. ಫಿಜಿಯೊಥೆರಪಿ ಕೋಣೆಯಲ್ಲಿ ಕೊಡುವುದೂ ಅಲ್ಟ್ರಾಸೌಂಡೇ, ಆದರೆ ಅದು ಸಾಮಾನ್ಯವಾಗಿ ಸೆಕೆಂಡಿಗೆ 10 ಲಕ್ಷ ಅಥವಾ 30 ಲಕ್ಷ ಕಂಪನದ್ದು. ಅದರ ಕೆಲಸ ಚಿಕಿತ್ಸೆ, ಚಿತ್ರ ತೋರಿಸುವುದಲ್ಲ.

ಇನ್ನೊಂದು ಮಾತು. ಸ್ಕ್ಯಾನ್ ಮಾಡುವಾಗ ತಣ್ಣನೆಯ ಜೆಲ್ ಹಚ್ಚುತ್ತಾರಲ್ಲ, ಯಾಕೆ? ನಮ್ಮ ವಿದ್ಯಾರ್ಥಿನಿಯರಿಗೆ ನಾನು ಪ್ರತಿ ವರ್ಷ ಕೇಳುವ ಪ್ರಶ್ನೆ ಇದು. ಚರ್ಮಕ್ಕೂ ಯಂತ್ರಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಈ ಶಬ್ದ ಅಲ್ಲಿಯೇ ತಿರುಗಿ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಆ ತಾಯಿ ಪಟ್ಟಿ ಕಟ್ಟಿಕೊಳ್ಳುತ್ತಿದ್ದದ್ದು ಲಂಗದ ಮೇಲೆ. ಹಾಗೆಯೇ ಕಟ್ಟಬಹುದೆಂದು ಡಬ್ಬಿಯೊಳಗಿನ ಚೀಟಿಯಲ್ಲಿ ಚಿತ್ರವೂ ಇತ್ತು. ಬಟ್ಟೆಯ ಎಳೆಗಳ ನಡುವೆ ಗಾಳಿಯಲ್ಲದೆ ಮತ್ತೇನಿದೆ? ಹಸಿರು ದೀಪ ಯಾವ ಕೀಲನ್ನು ನೋಡಿ ಹತ್ತುತ್ತಿತ್ತೋ.

ಹಾಗೆಂದು ಮೈಗೆ ಅಂಟಿಸುವ ಅಲ್ಟ್ರಾಸೌಂಡ್ ಎಂಬುದೇ ಬೂಟಾಟಿಕೆ ಅಂದುಕೊಳ್ಳಬೇಡಿರಿ. ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು ಅಂಚೆ ಚೀಟಿಯಷ್ಟು ದೊಡ್ಡ ಅಂಟುಪಟ್ಟಿಯೊಂದನ್ನು ಮಾಡಿ 2022ರಲ್ಲಿ ಪ್ರಕಟಿಸಿದರು. ಅದು 48 ತಾಸು ಚರ್ಮ ಬಿಡದೆ ಅಂಟಿಕೊಂಡು ಹೃದಯ, ಹೊಟ್ಟೆ, ಸ್ನಾಯುಗಳ ಚಿತ್ರ ಕೊಟ್ಟಿತು. ಗಾಳಿ ನುಸುಳದಂತೆ ಜೆಲ್ ಅನ್ನು ಪಟ್ಟಿಯೊಳಗೇ ಕೂಡಿಸಿದ್ದರು. ಆದರೆ ತಂತಿಯಿಂದ ದೊಡ್ಡ ಯಂತ್ರಕ್ಕೆ ಜೋಡಿಸಬೇಕಿತ್ತು. ಮರುವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ತಂಡ ತಂತಿಯಿಲ್ಲದ್ದನ್ನು ತೋರಿಸಿತು. ಇಂಥದ್ದು ಕೀಲಿಗೂ ಸರಿಯಾಗಿ ಒದಗಿದರೆ, ಎರಡು ಬಸ್ಸು ಬದಲಿಸಿ ಇಲ್ಲಿಗೆ ಬರುವ ನಿಮ್ಮಂಥವರಿಗೆ ಎಷ್ಟು ಅನುಕೂಲ! ಆದ್ದರಿಂದಲೇ ನಿಜ ಯಾವುದು, ಬರೀ ಡಬ್ಬಿ ಯಾವುದು ಎಂದು ತಿಳಿಯಬೇಕು.

ಈಗ ಪೇಟೆಂಟಿಗೆ ಬರೋಣ. ನಮ್ಮ ದೇಶದ ಪೇಟೆಂಟ್ ಕಾಯಿದೆ 1970ರದು. ಕಚೇರಿಗಳು ಕೋಲ್ಕತ್ತ, ದೆಹಲಿ, ಮುಂಬಯಿ, ಚೆನ್ನೈಗಳಲ್ಲಿವೆ. ಕರ್ನಾಟಕದವರಿಗೆ ಚೆನ್ನೈ. ಒಬ್ಬರು ಮೊಣಕಾಲಿನ ಅಲ್ಟ್ರಾಸೌಂಡ್ ಪಟ್ಟಿಗೆ ಅರ್ಜಿ ಹಾಕಿದರು ಎನ್ನೋಣ. ಪರೀಕ್ಷಕರು ಮೊದಲು ಹಳೆಯ ಪೇಟೆಂಟುಗಳನ್ನೂ ಲೇಖನಗಳನ್ನೂ ಹುಡುಕುತ್ತಾರೆ. ಇದೇ ಪಟ್ಟಿ ಜಗತ್ತಿನ ಯಾವ ಮೂಲೆಯಲ್ಲಾದರೂ ಮೊದಲೇ ಪ್ರಕಟವಾಗಿದ್ದರೆ ಅದು ಹೊಸದಲ್ಲ. ಹೊಸದಾಗಿದ್ದರೂ ಸಾಲದು. ಕೈಯಲ್ಲಿ ಹಿಡಿಯುವ ಸ್ಕ್ಯಾನ್ ಹಿಡಿಕೆ ಮೊದಲಿನಿಂದ ಇದೆ, ಮೊಣಕಾಲಿನ ಪಟ್ಟಿ ಇದೆ, ಮೊಬೈಲೂ ಇದೆ. ಮೂರನ್ನೂ ಸೇರಿಸಿ ಹೊಲಿದರೆ ಅದು ಆ ಕಸುಬು ಬಲ್ಲವರಿಗೆ ಯಾರಿಗಾದರೂ ಹೊಳೆಯುವಂಥದ್ದಲ್ಲವೇ ಎಂದು ಕೇಳುತ್ತಾರೆ. "ಹಾಗಲ್ಲ, ಕಾಲು ಮಡಚಿ ಬಿಚ್ಚುವಾಗ ಪಟ್ಟಿ ಜಾರಿ ಚಿತ್ರ ಕೆಡುತ್ತಿತ್ತು, ಅದು ಕೆಡದಂತೆ ನಾವು ಇಂಥ ಉಪಾಯ ಮಾಡಿದ್ದೇವೆ" ಎಂದು ಅರ್ಜಿದಾರರು ತೋರಿಸಿಕೊಟ್ಟರೆ ಆಗ ಮಾತು ಬೇರೆ.

ನಮ್ಮ ಕಾಯಿದೆಯಲ್ಲಿ ಇನ್ನೂ ಒಂದು ಕಟ್ಟಿದೆ, ನನಗೆ ಬಹಳ ಹಿಡಿಸಿದ್ದು. ರೋಗ ಪತ್ತೆ ಮಾಡುವ ವಿಧಾನಕ್ಕಾಗಲಿ, ಚಿಕಿತ್ಸೆಯ ವಿಧಾನಕ್ಕಾಗಲಿ ಪೇಟೆಂಟ್ ಕೊಡುವಂತಿಲ್ಲ. 3ನೇ ಕಲಮಿನಲ್ಲಿ ಹಾಗೆಂದು ಬರೆದಿದೆ. ಪಟ್ಟಿ ಎಂಬ ಸಾಧನಕ್ಕೆ ಸಿಗಬಹುದು, ಅದರಿಂದ ಸಂಧಿವಾತ ಗುರುತಿಸುವ ಕ್ರಮಕ್ಕೆ ಸಿಗದು. ಬರೀ ಲೆಕ್ಕದ ಸೂತ್ರಕ್ಕೂ, ಬರೀ ಕಂಪ್ಯೂಟರ್ ಪ್ರೋಗ್ರಾಮಿಗೂ ಇಲ್ಲ. ಡಾಕ್ಟರರು ಕೀಲು ಮುಟ್ಟಿ ನೋಡುವ ರೀತಿಗೆ ಯಾರೋ ಒಡೆಯರಾಗಿ ಕೂತರೆ ಧರ್ಮಾಸ್ಪತ್ರೆಗಳ ಗತಿ ಏನು?

ಇಷ್ಟೆಲ್ಲ ಕೇಳುವ ಪರೀಕ್ಷಕರು ಕೇಳದ ಪ್ರಶ್ನೆ ಒಂದಿದೆ. ನೂರು ಜನ ರೋಗಿಗಳಿಗೆ ಇದನ್ನು ಕಟ್ಟಿದಾಗ ಎಷ್ಟು ಸಲ ಸರಿ ಹೇಳಿತು, ಎಷ್ಟು ಸಲ ತಪ್ಪು ಹೇಳಿತು? ಅದು ಅವರ ಕೆಲಸವೇ ಅಲ್ಲ. ಈ ತನಿಖೆಯಿಂದ ಪೇಟೆಂಟ್ ಸಿಂಧು ಎಂದು ಕೂಡ ಸರ್ಕಾರ ಹೊಣೆ ಹೊತ್ತಂತಲ್ಲ ಎಂದು ಕಾಯಿದೆಯ 13ನೇ ಕಲಮೇ ಹೇಳುತ್ತದೆ. ಇನ್ನು ನಿಮ್ಮ ಮೊಣಕಾಲಿನ ಹೊಣೆ ಎಲ್ಲಿಂದ ಬರಬೇಕು?

ಕೊಟ್ಟ ಪೇಟೆಂಟೂ ಬಿದ್ದುಹೋದದ್ದುಂಟು. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು! ನಮ್ಮ ಸಿ.ಎಸ್.ಐ.ಆರ್. ಸಂಸ್ಥೆ ಹಳೆಯ ಗ್ರಂಥಗಳನ್ನು ಮುಂದಿಟ್ಟು ತಕರಾರು ಹೂಡಿದ ಮೇಲೆ 1997ರಲ್ಲಿ ಅದು ರದ್ದಾಯಿತು. ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದು ಅಲ್ಲಿಯ ಪರೀಕ್ಷಕರ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ.

ಮತ್ತೆ ಆ ಡಬ್ಬಿಗೆ ಬರುತ್ತೇನೆ. ಅದರ ಮೇಲೊಂದು ನಂಬರು ಇತ್ತು. ನಮ್ಮ ಶಾಲೆಯ ಗಣಕಯಂತ್ರದಲ್ಲಿ ಪೇಟೆಂಟ್ ಕಚೇರಿಯ ಪುಟ ತೆರೆದು ಹುಡುಕಿದೆವು. ಅದಕ್ಕೆ ಕಾಸು ಕೊಡಬೇಕಾಗಿಲ್ಲ, ಯಾರು ಬೇಕಾದರೂ ನೋಡಬಹುದು. ಆ ನಂಬರು ಪೇಟೆಂಟಿನದಲ್ಲ, ಅರ್ಜಿಯದು. ಅರ್ಜಿ ಹಾಕಿ 18 ತಿಂಗಳಾದರೆ ಸಾಮಾನ್ಯವಾಗಿ ಅದು ತಾನಾಗಿ ಪ್ರಕಟವಾಗುತ್ತದೆ, ಒಳ್ಳೆಯದಿರಲಿ ಕೆಟ್ಟದಿರಲಿ. ಪರೀಕ್ಷೆ ಬೇಕೆಂದರೆ ಬೇರೆಯಾಗಿ ಕೋರಿಕೆ ಸಲ್ಲಿಸಿ ಶುಲ್ಕ ಕಟ್ಟಬೇಕು. 2024ರ ತಿದ್ದುಪಡಿಯಾದ ಮೇಲೆ ಹೊಸ ಅರ್ಜಿಗಳಿಗೆ ಅದರ ಗಡುವು 31 ತಿಂಗಳು. ಕೋರದಿದ್ದರೆ ಅರ್ಜಿ ಬಿಟ್ಟುಕೊಟ್ಟಂತೆ. ಇವರು ಪರೀಕ್ಷೆಗೆ ಕೋರಿಕೆಯನ್ನೇ ಸಲ್ಲಿಸಿರಲಿಲ್ಲ. ಅಂದರೆ ಆ ಮಗ ನಂಬಿದ ಕಾಗದದ ಪರೀಕ್ಷೆಯೂ ಆಗಿರಲಿಲ್ಲ! ಸಿಗದ ಪೇಟೆಂಟನ್ನು ಸಿಕ್ಕಿದೆ ಎಂದು ಹೇಳಿ ಮಾರುವುದಕ್ಕೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ನನಗೆ ಸಿಟ್ಟು ಬಂದದ್ದು ನಿಜ. ಆದರೆ ಪೇಟೆಂಟ್ ಸಿಕ್ಕಿಯೇ ಇದ್ದಿದ್ದರೂ ಆ ಹಸಿರು ದೀಪ ನಂಬಿ ಗುಳಿಗೆ ಬಿಡುವುದು ಅಷ್ಟೇ ತಪ್ಪಾಗುತ್ತಿತ್ತು. ಡಿಸೈನ್ ನೋಂದಣಿ ಎಂದು ಇನ್ನೊಂದನ್ನೂ ಕೆಲವರು ತೋರಿಸುತ್ತಾರೆ. ಅದು ಸಾಮಾನಿನ ಆಕಾರ, ಅಂದಚೆಂದಕ್ಕೆ ಸಂಬಂಧಿಸಿದ್ದು.

ಹಾಗಾದರೆ ಸಾಧನ ಸುರಕ್ಷಿತವೇ, ಹೇಳಿದ ಕೆಲಸ ಮಾಡುತ್ತದೆಯೇ ಎಂದು ನೋಡುವವರು ಯಾರು? ಔಷಧ ನಿಯಂತ್ರಣ ಇಲಾಖೆಯವರು. 2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ಸಾಧನಗಳನ್ನು ಅಪಾಯದ ಲೆಕ್ಕದಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿದ್ದಾರೆ. ಇಂಥ ಸಾಧನದ ಡಬ್ಬಿಯ ಮೇಲೆ ತಯಾರಿಕೆಯ ಲೈಸೆನ್ಸ್ ನಂಬರು, ಹೊರದೇಶದ್ದಾದರೆ ಆಮದು ಲೈಸೆನ್ಸ್ ನಂಬರು ಇರಬೇಕು. ನೀವು ಹುಡುಕಬೇಕಾದದ್ದು ಅದನ್ನು. ನಾವು ನೋಡಿದ ಡಬ್ಬಿಯಲ್ಲಿ ಅದು ಎಲ್ಲಿಯೂ ಇರಲಿಲ್ಲ.

ಇನ್ನೂ ಒಂದು. ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ನೋಡಿದ್ದೀರಿ. ಹೆಣ್ಣು ಮಕ್ಕಳನ್ನು ಉಳಿಸಲು 1994ರಲ್ಲಿ ಮಾಡಿದ ಕಾಯಿದೆ ಅದು. ಭ್ರೂಣದ ಲಿಂಗ ತಿಳಿಯಬಲ್ಲ ಯಾವ ಅಲ್ಟ್ರಾಸೌಂಡ್ ಯಂತ್ರವನ್ನೂ ನೋಂದಣಿಯಿಲ್ಲದವರಿಗೆ ಮಾರುವಂತಿಲ್ಲ, ಅದು ಎಷ್ಟೇ ಚಿಕ್ಕದಿರಲಿ. ನಿಜವಾಗಿ ಒಳಗಿನ ಚಿತ್ರ ತೋರಿಸುವ ಪಟ್ಟಿ ಸಂತೆಯಲ್ಲಿ, ಫೋನಿನಲ್ಲಿ ಹೀಗೆ ಸಲೀಸಾಗಿ ಸಿಗುವುದಾದರೆ ಅಲ್ಲಿಯೂ ಒಂದು ಪ್ರಶ್ನೆ ಕೇಳಬೇಕಾಗುತ್ತದೆ.

ಯಾರಾದರೂ ಇಂಥದ್ದನ್ನು ಈಗಾಗಲೇ ಕೊಂಡಿದ್ದರೆ ನಾಚಿಕೆಪಡಬೇಡಿರಿ, ಬೈಯುವವರು ಇಲ್ಲಿ ಯಾರೂ ಇಲ್ಲ. ಡಬ್ಬಿ, ಚೀಟಿ, ಬಿಲ್ಲು ಮೂರನ್ನೂ ತನ್ನಿರಿ, ನಂಬರು ಹುಡುಕಿ ಕೊಡುತ್ತೇವೆ. ಆದರೆ ದೀಪ ಹಸಿರಿರಲಿ ಕೆಂಪಿರಲಿ, ಕೀಲು ಬಾತು ಬಿಸಿಯಾಗಿದ್ದರೆ, ಬೆಳಿಗ್ಗೆ ಎದ್ದಾಗ ಒಂದು ತಾಸಿನವರೆಗೆ ಬೆರಳು ಸಡಿಲಾಗದಿದ್ದರೆ ಬಂದು ತೋರಿಸಿರಿ. ಜೊತೆಗೆ ಜ್ವರವೂ ಇದ್ದರೆ ಅದೇ ದಿನ ಬನ್ನಿರಿ. ಡಾಕ್ಟರರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿರಿ.

ಆ ತಾಯಿಯ ಮೊಣಕಾಲಿನ ನೀರು ತೆಗೆದರು, ಗುಳಿಗೆ ಮತ್ತೆ ಶುರುವಾಯಿತು. ಈಗ ಅಡ್ಡಾಡುತ್ತಾರೆ. ಬಲಗೈಯ ಎರಡು ಬೆರಳು ಮಾತ್ರ ಸೊಟ್ಟಗಾಗಿಯೇ ಉಳಿದಿವೆ, ರೊಟ್ಟಿ ಬಡಿಯಲು ಸೊಸೆಯೇ ಬೇಕು. ಮಗ ಆ ಡಬ್ಬಿಯನ್ನು ಮನೆಗೆ ಒಯ್ಯಲಿಲ್ಲ. ನನ್ನ ಮೇಜಿನ ಮೇಲಿದೆ, ಕಂಪನಿಯ ಹೆಸರಿನ ಮೇಲೆ ಕಾಗದ ಅಂಟಿಸಿದ್ದೇನೆ. ನೋಡಬೇಕೆನ್ನುವವರು ಹೋಗುವಾಗ ನೋಡಿಕೊಂಡು ಹೋಗಿರಿ. ಅಗೋ, ಹದಿನಾಲ್ಕನೆಯ ನಂಬರಿನ ಚೀಟಿಯವರನ್ನು ಕರೆಯುತ್ತಿದ್ದಾರೆ. ಯಾರು, ನೀವಾ ಅಜ್ಜಾರ? ಸಾವಕಾಶ ಏಳಿರಿ.